ಬೆರಳಗಲ ಕಡಿಮೆ ಬಿದ್ದ ಎಡರೆಕ್ಕೆ

ಮೂವತ್ತನಾಲ್ಕು ವರ್ಷ ಅಂಗಿ ಕಾರ್ಖಾನೆಯಲ್ಲಿ ಮಾದರಿ ಕಾಗದ ಕತ್ತರಿಸಿದವಳಿಗೆ ಕಾಗದದ ಗ್ಲೈಡರ್ ಮಾಡುವುದು ಯಾವ ಮಹಾ ವಿದ್ಯೆ ಎಂದು ಸ್ಕೇಲಕ್ಕ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಅಂಗಿಗೆ ಎರಡು ತೋಳು, ಗ್ಲೈಡರಿಗೆ ಎರಡು ರೆಕ್ಕೆ. ಅಂಗಿಯೊಳಗಿನ ಮನುಷ್ಯನಾದರೆ ಸುಮ್ಮನಿರುವುದಿಲ್ಲ, ಉಣ್ಣುತ್ತಾನೆ, ದಪ್ಪಗಾಗುತ್ತಾನೆ, ಆಮೇಲೆ ಅಳತೆ ಸರಿಯಿಲ್ಲ ಎಂದು ದೂರುತ್ತಾನೆ. ಗ್ಲೈಡರಿಗೆ ಆ ರೋಗವಿಲ್ಲ. ಆದ್ದರಿಂದ ಇದೇ ಸುಲಭ ಎಂಬುದು ಅವಳ ವಾದ.

ಸ್ಕೇಲಕ್ಕ ಎಂಬ ಹೆಸರನ್ನು ಕಾರ್ಖಾನೆಯವರು ಇಟ್ಟರು, ಬೀದಿಯವರು ಮುಂದುವರಿಸಿದರು, ಕೊನೆಗೆ ಸ್ವಂತ ಅತ್ತಿಗೆಯ ಬಾಯಲ್ಲೂ ಅದೇ ನಿಂತಿತು. ಬೇರೆ ಹೆಂಗಸರು ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡರೆ ಇವಳು ಉಕ್ಕಿನ ಸ್ಕೇಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಕತ್ತರಿಸಿದ ಒಂದೇ ಒಂದು ಮಾದರಿಯೂ ತಪ್ಪೆಂದು ವಾಪಸು ಬಂದಿರಲಿಲ್ಲ. ಈ ಮಾತನ್ನು ಅವಳು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು, ಕೇಳಿದರಂತೂ ಎರಡು ಸಲ ಹೇಳುತ್ತಿದ್ದಳು. ಈಗ ಎಪ್ಪತ್ತಾರು ವಯಸ್ಸು. ಕಣ್ಣಿಗೆ ದಪ್ಪ ಕನ್ನಡಕ ಬಂದಿದ್ದರೂ ಕೈ ಇನ್ನೂ ನಡುಗಿರಲಿಲ್ಲ.

ಊರ ಹೊರಗಿನ ಹಾರಾಟದ ಕ್ಲಬ್ಬಿನಲ್ಲಿ ಒಂದು ಹಳೆಯ ಮರದ ಗ್ಲೈಡರ್ ಇತ್ತು. ಐವತ್ತೇಳು ವರ್ಷಗಳ ಹಿಂದೆ ಕ್ಲಬ್ಬಿನವರೇ ಸೇರಿ ಕಟ್ಟಿದ್ದು. ನಾಲ್ಕು ವರ್ಷಗಳ ಕೆಳಗೆ ಶೆಡ್ಡಿನ ಮಾಡು ಕುಸಿದು ಅದು ಪುಡಿಪುಡಿಯಾಯಿತು. ಈಗ ಕ್ಲಬ್ಬಿನ ಹಾಲಿನಲ್ಲಿ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ, ಹತ್ತರಲ್ಲಿ ಒಂದರ ಅಳತೆಯ ಕಾಗದದ ಮಾದರಿಯನ್ನು ಅದರಲ್ಲಿ ಇಡಬೇಕೆಂದು ನಿಶ್ಚಯಿಸಿದ್ದರು. ಯಾರಿಂದ ಮಾಡಿಸುವುದು ಎಂದು ಕಾರ್ಯದರ್ಶಿ ತಲೆ ಕೆರೆದುಕೊಳ್ಳುತ್ತಿದ್ದಾಗ ಸ್ಕೇಲಕ್ಕ ತಾನೇ ಹೋಗಿ ಎದುರು ನಿಂತಳು.

"ಆ ಗ್ಲೈಡರಿನ ಎಡರೆಕ್ಕೆಯ ಅಚ್ಚು ತೆಗೆದೋಳೇ ನಾನು. ಆಗ ನಂಗೆ ಹತ್ತೊಂಬತ್ತು. ಬೇರೆಯವರ ಕೈಗೆ ಕೊಟ್ಟೀರಿ ಮತ್ತೆ," ಎಂದಳು. ಕಾರ್ಯದರ್ಶಿ ನಕ್ಷೆಯ ತಗಡಿನ ಡಬ್ಬಿಯನ್ನು ಅವಳ ಕೈಗಿಟ್ಟು ಉಸಿರು ಬಿಟ್ಟ.

ಅವಳು ಮುಂದೆ ಬಿದ್ದದ್ದು ಗಾಜಿನ ಪೆಟ್ಟಿಗೆಗಾಗಿ ಅಲ್ಲ, ಅಣ್ಣನಿಗಾಗಿ. ಆ ಗ್ಲೈಡರನ್ನು ಹನ್ನೊಂದು ವರ್ಷ ಹಾರಿಸಿದವನು ಅವಳ ಅಣ್ಣ. ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ಅವನನ್ನು ಕ್ಲಬ್ಬಿನವರು ಮಾಸ್ಟರ್ ಎನ್ನುತ್ತಿದ್ದರು. ಅದು ಎಡಕ್ಕೆ ವಾಲುತ್ತದೆ ಎಂದು ಅವನು ಮೊದಲ ವಾರವೇ ಹೇಳಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕ್ಲಬ್ಬಿನವರು ನಕ್ಕರು. ಆಗೊಮ್ಮೆ ಈಗೊಮ್ಮೆ ಬೇರೆಯವರು ಹಾರಿಸಿದಾಗಲೂ ಅದು ವಾಲುತ್ತಿತ್ತು. ಆದರೆ ಅವರು, ಮಾಸ್ಟರ್ ಅದಕ್ಕೆ ಕೆಟ್ಟ ಅಭ್ಯಾಸ ಮಾಡಿಸಿಬಿಟ್ಟಿದ್ದಾನೆ ಎನ್ನುತ್ತಿದ್ದರು, ಅದೇನೋ ಕುದುರೆ ಎಂಬ ಹಾಗೆ. ಮುಖ್ಯ ತರಬೇತುದಾರನ ಹುದ್ದೆಗೆ ಪರೀಕ್ಷೆಯಾದ ದಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಪರೀಕ್ಷಕರು 'ಈತನ ಎಡಗೈ ಭಾರ' ಎಂದು ಒಂದೇ ಸಾಲು ಬರೆದು ಹೋದರು. ಹುದ್ದೆ ಕೈತಪ್ಪಿತು. 'ವಾಲು ಮಾಸ್ಟರ್' ಎಂಬ ಹೆಸರು ಮಾತ್ರ ಕೈಗಂಟಿಕೊಂಡಿತು.

ಊರವರು ನಂಬಿದ್ದು ಹೋಗಲಿ, ಅವನೇ ನಂಬಿಬಿಟ್ಟ. ಅಂದಿನಿಂದ ತುಂಬಿದ ಲೋಟವನ್ನು ಎಡಗೈಯಲ್ಲಿ ಹಿಡಿಯಲಿಲ್ಲ. ಮಗಳು ಹುಟ್ಟಿದಾಗ ಕೂಸನ್ನು ಬಲತೋಳಿನಲ್ಲಿ ಮಾತ್ರ ಎತ್ತಿಕೊಳ್ಳುತ್ತಿದ್ದ, ತೋಳು ಸೋತರೆ ಹೆಂಡತಿಯನ್ನು ಕೂಗುತ್ತಿದ್ದ. ಈಗ ಎಂಬತ್ತೊಂದು ವರ್ಷ. ಎರಡು ವರ್ಷದಿಂದ ಕಣ್ಣು ಪೂರ್ತಿ ಹೋಗಿದೆ, ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು. ಗಾಜಿನ ಪೆಟ್ಟಿಗೆಯನ್ನು ನೀವೇ ಉದ್ಘಾಟಿಸಬೇಕು ಎಂದು ಕಾರ್ಯದರ್ಶಿ ಕರೆಯಲು ಬಂದಾಗ, "ವಾಲು ಮಾಸ್ಟರ್ ಬಂದು ಏನು ಮಾಡಬೇಕಪ್ಪ? ನಂಗೆ ಕಾಣೋದಿಲ್ಲ, ನಿಮಗೆ ತೋರಿಸೋದಕ್ಕೂ ನನ್ನ ಹತ್ರ ಏನಿಲ್ಲ," ಎಂದು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದನಂತೆ. ಇದನ್ನು ಸ್ಕೇಲಕ್ಕನಿಗೆ ಹೇಳಿದವರು ಅತ್ತಿಗೆ. ಆ ಗ್ಲೈಡರನ್ನು ಅವನ ಕೈಗೆ ಕೊಟ್ಟು ಅವನನ್ನು ಎಬ್ಬಿಸುತ್ತೇನೆ ಎಂದು ಅವಳು ಅಲ್ಲೇ ನಿಂತು ನಿರ್ಧರಿಸಿದಳು.

ಊಟದ ಮೇಜು ಕಾರ್ಖಾನೆಯಾಯಿತು. ಊಟ ಅಡುಗೆಮನೆಯ ಕಟ್ಟೆಗೆ ವರ್ಗವಾಯಿತು. ದಪ್ಪ ಕಾಗದದಲ್ಲಿ ಒಡಲು, ಅದಕ್ಕೆ ಸುತ್ತಲೂ ಅಡ್ಡಪಟ್ಟಿ. ಕಾಗದಕ್ಕೂ ಬಟ್ಟೆಯ ಹಾಗೆ ಉದ್ದಕ್ಕೊಂದು ಎಳೆ, ಅಡ್ಡಕ್ಕೊಂದು ಎಳೆ ಇರುತ್ತದೆ. ಎಳೆ ನೋಡದೆ ಕತ್ತರಿಸಿದರೆ ಅಂಟು ಒಣಗುವಾಗ ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಸ್ಕೇಲಕ್ಕ ಪ್ರತಿ ಹಾಳೆಯನ್ನೂ ಕೆನ್ನೆಯ ಹತ್ತಿರ ಬಾಗಿಸಿ ನೋಡಿ ಎಳೆ ಗುರುತಿಸುತ್ತಿದ್ದಳು. ರೆಕ್ಕೆಯೊಳಗೆ ಮೀನಿನಾಕಾರದ ಪಕ್ಕೆಲುಬುಗಳು, ಒಂದೊಂದು ರೆಕ್ಕೆಗೆ ಇಪ್ಪತ್ತೆರಡು. ಅವುಗಳ ಮೇಲೆ ಹೊದಿಸಲು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ. ಸೀಟಿನ ಹಿಂದೆ ಅಣ್ಣ ಟೊಪ್ಪಿ ನೇತುಹಾಕುತ್ತಿದ್ದ ಒಂದು ಮರದ ಗೂಟವಿತ್ತು. ನಕ್ಷೆಯಲ್ಲಿ ಅದಿರಲಿಲ್ಲ. ಅವಳು ಬೆಂಕಿಕಡ್ಡಿಯ ತುದಿ ಕೆತ್ತಿ ಅದನ್ನೂ ಕೂರಿಸಿದಳು.

ಡಬ್ಬಿಯಲ್ಲಿ ನಿಜವಾದ ಅಳತೆಯಲ್ಲೇ ಬರೆದ ನೀಲಿ ನಕ್ಷೆಗಳ ಎರಡು ಕಟ್ಟುಗಳಿದ್ದವು, ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ'. ಮೂಲ ಗ್ಲೈಡರ್ ಕಟ್ಟುವಾಗ ಕ್ಲಬ್ಬಿನಲ್ಲಿ ಜಾಗವಿರಲಿಲ್ಲ. ಬಲರೆಕ್ಕೆಯನ್ನು ಬಡಗಿ ತನ್ನ ಕೊಟ್ಟಿಗೆಯಲ್ಲಿ ಕಟ್ಟಿದ, ಎಡರೆಕ್ಕೆಯನ್ನು ಇವರ ಮನೆಯ ಪಡಸಾಲೆಯಲ್ಲಿ ಅಣ್ಣನ ಗೆಳೆಯರು ಕಟ್ಟಿದರು. ಇಬ್ಬರಿಗೂ ಒಂದೊಂದು ಪ್ರತಿ. ಈಗ ಕಾಗದದ ಮಾದರಿಗೆ ಒಂದೇ ಪಕ್ಕೆಲುಬನ್ನು ಮಗುಚಿ ಎರಡೂ ಕಡೆಗೆ ಬಳಸಬಹುದಿತ್ತಲ್ಲ ಎಂದರೆ, ಎಡತೋಳಿಗೆ ಎಡದ್ದೇ ಮಾದರಿ, ಬಲತೋಳಿಗೆ ಬಲದ್ದೇ ಎಂಬುದು ಕಾರ್ಖಾನೆಯ ಶಾಸ್ತ್ರ. ಸ್ಕೇಲಕ್ಕ ಎರಡನ್ನೂ ಜೆರಾಕ್ಸ್ ಅಂಗಡಿಗೆ ಒಯ್ದು ಹತ್ತರಲ್ಲಿ ಒಂದಕ್ಕೆ ಇಳಿಸಿಕೊಂಡು ಬಂದಿದ್ದಳು.

ಬಲರೆಕ್ಕೆ ಒಡಲಿಗೆ ಕೂತಿತು, ಗುಂಡಿ ಕಾಜಕ್ಕೆ ಕೂತ ಹಾಗೆ. ಎಡರೆಕ್ಕೆ ಕೂರಲಿಲ್ಲ. ಬುಡದಲ್ಲಿ ಒಂದು ದಾರ ತೂರುವಷ್ಟು ಸಂದು ಉಳಿಯಿತು.

ಅವಳು ಸಂದನ್ನು ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ರೆಕ್ಕೆಯನ್ನು ಬಿಚ್ಚಿ, ಇಪ್ಪತ್ತೆರಡು ಪಕ್ಕೆಲುಬುಗಳನ್ನೂ ಹೊಸದಾಗಿ ಕತ್ತರಿಸಿ, ನಾಲ್ಕು ದಿನ ಕೂತು ಬೇರೆ ರೆಕ್ಕೆ ಮಾಡಿದಳು. ಅದೇ ಸಂದು, ಅಷ್ಟೇ ಅಗಲ. ತಪ್ಪು ಎರಡು ಸಲ ಒಂದೇ ಅಳತೆಯಲ್ಲಿ ಆಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ತಪ್ಪು ತನ್ನದಲ್ಲ. ಸ್ಕೇಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜೆರಾಕ್ಸ್ ಅಂಗಡಿಗೆ ನಡೆದಳು.

"ಏನಮ್ಮ, ನಿನ್ನ ಮಷೀನು ಎಡಗಡೆಯವರಿಗೆ ಕಡಿಮೆ ಕೊಡುತ್ತಾ?" ಎಂದು ಶುರುಮಾಡಿದಳು.

ಅಂಗಡಿಯವಳು ಇಂಥ ಹತ್ತು ಮಂದಿಯನ್ನು ದಿನವೂ ನೋಡುವವಳು. ಜಗಳಕ್ಕೆ ಬರಲಿಲ್ಲ. ಸ್ಕೇಲಕ್ಕನ ಸೊಂಟದಿಂದ ಉಕ್ಕಿನ ಸ್ಕೇಲನ್ನೇ ಎಳೆದುಕೊಂಡು ಗಾಜಿನ ಮೇಲಿಟ್ಟು ಪ್ರತಿ ತೆಗೆದಳು, ಉದ್ದಕ್ಕೊಂದು, ಅಡ್ಡಕ್ಕೊಂದು.

"ಅಳೀರಿ ಅಮ್ಮ. ನಿಮ್ಮ ಸ್ಕೇಲು, ನಿಮ್ಮ ಕಣ್ಣು."

ಎರಡೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಮಷೀನು ಸುಳ್ಳು ಹೇಳಲ್ಲ ಅಮ್ಮ. ಇಟ್ಟಿದ್ದನ್ನ ಕೊಡುತ್ತೆ, ಅಷ್ಟೆ. ಇಟ್ಟಿದ್ದೇ ಏನಾದ್ರೂ ಆಗಿದೆಯೇನೋ ನೋಡಿ," ಎಂದು ಅವಳು ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಇಟ್ಟಿದ್ದೇ. ಸ್ಕೇಲಕ್ಕ ಮನೆಗೆ ಬಂದವಳೇ ಚಪ್ಪಲಿ ಕಳಚುವುದನ್ನೂ ಮರೆತು ಎರಡು ಮೂಲ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬಿಸಿಲು ಎರಡನ್ನೂ ದಾಟಿ ಬಂತು. ಬಲದ ಪಕ್ಕೆಲುಬಿನ ಒಳಗೆ ಎಡದ್ದು ಕೂತಿತ್ತು. ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ, ಸುತ್ತ ಒಂದಿಷ್ಟು ಸಡಿಲ. ಎಡದ ಹಾಳೆಯ ತುಂಬ ಸೂಜಿಮೊನೆಯ ತೂತುಗಳ ಸಾಲು ಬೆಳಕಿನಲ್ಲಿ ಮಿನುಗಿತು. ಅವು ಅವಳ ಹಲ್ಲಿನ ಚಕ್ರದ ತೂತುಗಳೇ. ಮಾದರಿಯನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಇಳಿಸಲು ಹೊಲಿಗೆಯವರು ಉರುಳಿಸುವ ಪುಟ್ಟ ಚಕ್ರ ಅದು. ಹಾಳೆಯ ಮೂಲೆಯಲ್ಲಿ ಒಂದು ಮಾಸಲು ಕಂದು ಕಲೆಯಿತ್ತು. ದೋಣಿಯ ಮೂತಿಯಂಥ ಆಕಾರ.

ಇಸ್ತ್ರಿ ಪೆಟ್ಟಿಗೆಯ ಮೂತಿ.

ಅವಳು ಕುರ್ಚಿಯ ಮೇಲೆ ಕೂತಳು. ಐವತ್ತೇಳು ವರ್ಷ ನೆನಪಿಗೆ ಬಾರದಿದ್ದುದು ಈಗ ಒಟ್ಟಿಗೇ ಬಂತು. ನಕ್ಷೆ ಮಡಿಕೆ ಮಡಿಕೆಯಾಗಿ ಬಂದಿತ್ತು. ಚಕ್ರ ಮಡಿಕೆಯ ಮೇಲೆ ಎಗರುತ್ತಿತ್ತು. ಆಗ ತಾನೇ ಹೊಲಿಗೆ ಕಲಿತಿದ್ದ ಹುಡುಗಿ, ಗುರು ಹೇಳಿಕೊಟ್ಟಂತೆ, ಹಾಳೆಯ ಮೇಲೆ ನೀರು ಚಿಮುಕಿಸಿ ಬಿಸಿ ಇಸ್ತ್ರಿ ಎಳೆದಿದ್ದಳು. ಬಟ್ಟೆಗಾದರೆ ಅದೇ ಸರಿ. ಕತ್ತರಿಸುವ ಮೊದಲೇ ನೀರು ಬಿಸಿ ತೋರಿಸಿ ಕುಗ್ಗಿಸಿಬಿಟ್ಟರೆ ಆಮೇಲೆ ಕುಗ್ಗುವುದಿಲ್ಲ. ಕಾಗದವೂ ಕುಗ್ಗಿತ್ತು, ಅದರ ಮೇಲಿನ ಗೆರೆಗಳನ್ನೂ ಒಟ್ಟಿಗೆ ಕರೆದುಕೊಂಡು. ಬಡಗಿ ತನ್ನ ಕೊಟ್ಟಿಗೆಯಲ್ಲಿ ನಕ್ಷೆಯ ಮೇಲೆ ಬರೆದಿದ್ದ ಅಂಕಿ ನೋಡಿ ಅಳೆದು ಕೊರೆದಿದ್ದ. ಇವಳು ಅಂಕಿಯ ಗೊಡವೆಗೇ ಹೋಗದೆ ಗೆರೆಯ ಮೇಲೆ ಚಕ್ರ ಉರುಳಿಸಿದ್ದಳು. ಜೋಡಿಸುವ ದಿನ ಎಡರೆಕ್ಕೆಯ ಬುಡ ಬೆರಳಗಲ ಕಡಿಮೆ ಬಿದ್ದಿತ್ತು. ಬಡಗಿ ಗೊಣಗುತ್ತ ಒಂದು ಮರದ ಪಟ್ಟಿ ಅಂಟಿಸಿ ಮುಚ್ಚಿದ, ಮೇಲೆ ಬಟ್ಟೆ ಬಂತು, ಬಟ್ಟೆಯ ಮೇಲೆ ಬಣ್ಣ ಬಂತು. ಎಡರೆಕ್ಕೆ ಹುಟ್ಟಿದ್ದೇ ಸಣ್ಣದಾಗಿ. ಸಣ್ಣ ರೆಕ್ಕೆಗೆ ಗಾಳಿ ಕಡಿಮೆ ಸಿಗುತ್ತದೆ, ಆ ಕಡೆ ಇಳಿಯುತ್ತದೆ. ನೆಲ ನಿಜವಾಗಿಯೇ ಡೊಂಕಿತ್ತು. ಡೊಂಕು ಮಾಡಿದವಳು ತಾನು.

ಅಣ್ಣನ ಎಡಗೈಯನ್ನು ನೆನೆದು ಅವಳು ಅತ್ತಳು. ಚಪ್ಪಲಿ ಹಾಕಿಕೊಂಡೇ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಕಾಲು ಗಂಟೆ ಚೆನ್ನಾಗಿ ಅತ್ತಳು.

ಆಗಲೇ ಅತ್ತಿಗೆ ಬಂದರು. ಎರಡು ಬೀದಿ ಆಚೆಯ ಮನೆ, ದಿನಕ್ಕೊಮ್ಮೆ ಬಂದು ಹೋಗುವವರು. ಸ್ಕೇಲಕ್ಕ ಅಳುವುದನ್ನು ಅವರು ನೋಡಿದ್ದು ಎರಡೇ ಸಲ, ಎರಡೂ ಸಾವಿನ ಮನೆಗಳಲ್ಲಿ. ವಿಷಯ ಕೇಳಿ ಅವರೂ ಕುರ್ಚಿ ಎಳೆದುಕೊಂಡು ಕೂತರು.

"ಈಗ ಏನು ಮಾಡ್ತೀಯ?" ಎಂದರು.

"ಹೇಳ್ತೀನಿ."

"ಹೇಳದೇ ಇದ್ದರೂ ನಡೆಯುತ್ತೆ ನೋಡು. ಬಲದ್ದನ್ನೇ ಮಗುಚಿ ಎಡಕ್ಕೊಂದು ಸರಿಯಾದ್ದು ಮಾಡು, ಅಂಟಿಸು. ಯಾರಿಗೆ ಗೊತ್ತಾಗುತ್ತೆ? ಆ ಸ್ಕೇಲು ಸಿಕ್ಕಿಸ್ಕೊಂಡು ಇಷ್ಟು ವರ್ಷ ಮೆರೆದಿದೀಯ, ಈ ವಯಸ್ಸಲ್ಲಿ ಬೇಕಾ?"

"ಅತ್ತಿಗೆ, ನಿಮ್ಮ ಮನೇಲಿ ಚಹಾ ಲೋಟ ಯಾವ ಕಡೆ ಇಡ್ತೀರಿ ಅವನಿಗೆ?"

ಅತ್ತಿಗೆ ಬಲಕ್ಕೇ ಇಡುವುದು, ಮದುವೆಯಾದ ಮರುವರ್ಷದಿಂದ ಬಲಕ್ಕೇ ಇಟ್ಟಿದ್ದು.

"ಹಾಗಾದ್ರೆ ಹೇಳಲೇಬೇಕು," ಎಂದಳು ಸ್ಕೇಲಕ್ಕ. "ನನ್ನ ಸ್ಕೇಲಿಗೇನು, ಅದು ತಗಡು. ಅವನದ್ದು ಕೈ." ಮುಖ ತೊಳೆದುಕೊಂಡು ಬಂದು ಅವಳು ಅಂಕಿ ನೋಡಿ ಸರಿಯಾದ ಎಡರೆಕ್ಕೆಯನ್ನೂ ಕತ್ತರಿಸತೊಡಗಿದಳು. ಉದ್ಘಾಟನೆಗೆ ಇನ್ನು ಎಂಟು ದಿನವಿತ್ತು. ತಪ್ಪು ಸಿಕ್ಕಿದ ಮೇಲೆ ಅವಳ ಕೈ ಮೊದಲಿಗಿಂತ ಚುರುಕಾಗಿತ್ತು.

ಗುರುವಾರ ಮಧ್ಯಾಹ್ನ ಅವಳು ಒಡಲನ್ನೂ ರೆಕ್ಕೆಗಳನ್ನೂ ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅಣ್ಣನ ಮನೆಗೆ ಹೋದಳು. ಅವನು ಕಿಟಕಿಯ ಪಕ್ಕ ಕೂತಿದ್ದ. ಒಡಲನ್ನು ಅವನ ತೊಡೆಯ ಮೇಲಿಟ್ಟಳು, ಬಲರೆಕ್ಕೆ ಆಗಲೇ ಅಂಟಿಸಿಯಾಗಿತ್ತು.

"ಏನಿದು? ಮೀನು ತಂದೆಯಾ?" ಎಂದ. ಆಮೇಲೆ ಅವನ ಬಲಗೈ ಮೂತಿಯಿಂದ ಹಿಂದಕ್ಕೆ ಹರಿಯಿತು. ಇಳಿಯುವಾಗ ನೆಲಕ್ಕೆ ತಾಗುವ ಕೆಳಗಿನ ಜಾರುಪಟ್ಟಿ, ಮುಂದಿನ ಸೀಟು, ಹಿಂದಿನ ಸೀಟು. ಅವನ ಮುಖ ಬದಲಾಯಿತು.

"ಇಲ್ಲೊಂದು ಗೂಟ ಇತ್ತು..."

"ಬೆರಳು ಸ್ವಲ್ಪ ಕೆಳಗೆ ತಾ."

ಸಿಕ್ಕಿತು. ಬೆಂಕಿಕಡ್ಡಿಯ ತುದಿಯನ್ನು ಅವನು ಎರಡು ಬೆರಳಲ್ಲಿ ಹಿಡಿದು ಬಿಡಲೇ ಇಲ್ಲ. "ಟೊಪ್ಪಿ ಹಾಕ್ತಿದ್ದೆ ಕಣೇ ಇದಕ್ಕೆ," ಎಂದ, ತಂಗಿಗೆ ಗೊತ್ತಿಲ್ಲವೆಂಬಂತೆ.

"ಅಣ್ಣ, ಎಡರೆಕ್ಕೆ ಎರಡು ಮಾಡಿದೀನಿ. ಒಂದು ನಕ್ಷೇಲಿ ಬರೆದಿರೋ ಹಾಗೆ. ಇನ್ನೊಂದು ನೀನು ಹಾರಿಸಿದ್ದು. ಯಾವುದು ಯಾವುದು ಅಂತ ನೀನೇ ನೋಡು."

ಅವನು ಒಂದೊಂದಾಗಿ ತೆಗೆದುಕೊಂಡು ಬುಡದ ಅಗಲವನ್ನು ಬಲರೆಕ್ಕೆಯದರ ಜೊತೆ ಹೆಬ್ಬೆರಳಿನಲ್ಲಿ ಹೋಲಿಸಿದ. ಎರಡನೆಯದರ ಹತ್ತಿರ ಬೆರಳು ನಿಂತಿತು.

"ಇದು ಕಡಿಮೆ ಇದೆ."

"ಹೂಂ. ನಿಜವಾದ್ರಲ್ಲಿ ಬೆರಳಗಲ. ಇಪ್ಪತ್ತೆರಡು ಪಕ್ಕೆಲುಬೂ ಹಾಗೇ. ನಾನು ನಕ್ಷೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕಿದ್ದೆ. ಹಾಳೆ ಕುಗ್ಗಿತ್ತು. ಅದರ ಮೇಲೇ ಅಚ್ಚು ತೆಗೆದೆ. ಗ್ಲೈಡರ್ ವಾಲಿದ್ದು ಅದಕ್ಕೆ ಅಣ್ಣ. ಅಳತೆ ತಪ್ಪಿದ್ದು ನಾನು. ನಿನ್ನ ಕೈಯಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಒದ್ದೆ ಕೈಯಲ್ಲಿ ನಿಂತಿದ್ದರು. ಅವನು ತನ್ನ ಎಡಗೈಯನ್ನು ಮಡಿಲಿನಲ್ಲಿ ಅಂಗಾತ ಇಟ್ಟುಕೊಂಡು, ಕಾಣದ ಕಣ್ಣಿನಿಂದ ಅದರ ಕಡೆಗೇ ಬಾಗಿದ.

"ಮಗೂನ ಈ ಕೈಲಿ ಎತ್ಕೊಳ್ಳಲಿಲ್ಲ ನಾನು," ಎಂದ.

"ಗೊತ್ತು."

"ಬೀಳಿಸಿಬಿಡ್ತೀನಿ ಅಂತ ಹೆದರಿಕೆ."

"ಗೊತ್ತು ಅಣ್ಣ."

"ನೀನು ಈಗ ಹೋಗು," ಎಂದ. ಸಿಟ್ಟಿತ್ತು, ಅದನ್ನು ಅವನು ಮುಚ್ಚಿಡಲಿಲ್ಲ. ಅವಳೂ ಸಮಾಧಾನ ಹೇಳಲು ಹೋಗಲಿಲ್ಲ. ಐವತ್ತೇಳು ವರ್ಷದ ಸಿಟ್ಟಿಗೆ ಒಂದು ಮಧ್ಯಾಹ್ನವಾದರೂ ಬೇಡವೇ? ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ನೆಟ್ಟಗೆ ನಡೆದು ಮನೆಗೆ ಬಂದಳು. ಹೇಳಿದ್ದು ಸರಿ ಎಂಬುದರಲ್ಲಿ ಅವಳಿಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಅತ್ತಿಗೆಯ ಫೋನು ಬಂತು.

"ಸ್ಕೇಲಕ್ಕ, ಬೆಳಗ್ಗೆಯಿಂದ ಇದು ನಾಲ್ಕನೇ ಲೋಟ ಚಹಾ. ಕೈಕಾಲು ಬಿದ್ದುಹೋಯ್ತು ನಂಗೆ."

"ಯಾಕೆ, ಏನಾಯ್ತು?"

"ಎಲ್ಲಾ ಎಡಗೈಲಿ ಕುಡೀತಿದಾರೆ. ತುಂಬ ಹಾಕು, ಅಂಚಿಗೆ ಬರೋ ಹಾಗೆ ಹಾಕು ಅಂತಾರೆ. ಒಂದು ಹನಿ ಚೆಲ್ಲಿಲ್ಲ." ಅತ್ತಿಗೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಬಾ ಅಂತಿದಾರೆ. ಅಂಟು ತಗೊಂಡು ಬರಬೇಕಂತೆ."

ಹೋದರೆ ಅವನು ಕಡಿಮೆ ಬಿದ್ದ ರೆಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. "ಇದನ್ನೇ ಅಂಟಿಸು," ಎಂದ. "ಬುಡಕ್ಕೆ ಒಂದು ಪಟ್ಟಿ ಹಾಕು, ಬಡಗಿ ಹಾಕಿದ್ನಲ್ಲ ಹಾಗೆ. ನಾನು ಹಾರಿಸಿದ್ದು ಇದನ್ನ. ಹನ್ನೊಂದು ವರ್ಷ ನಿನ್ನ ಇಸ್ತ್ರಿಯನ್ನ ಆಕಾಶದಲ್ಲಿ ಹೊತ್ಕೊಂಡು ತಿರುಗಿದೀನಿ, ಒಂದು ದಿನ ಕೆಡವಲಿಲ್ಲ. ಅದನ್ನ ಜನ ನೋಡಲಿ." ಅವಳು ಪಟ್ಟಿ ಕತ್ತರಿಸಿ ಅಂಟಿಸಿದಳು. ಒಣಗುವ ತನಕ ಅವನು ಎಡಗೈಯಲ್ಲಿ ರೆಕ್ಕೆಯ ಬುಡ ಒತ್ತಿ ಹಿಡಿದಿದ್ದ, ಅರ್ಧ ಗಂಟೆ, ಅಲುಗದೆ.

ಭಾನುವಾರ ಕ್ಲಬ್ಬಿನ ಹಾಲಿನಲ್ಲಿ ನಲವತ್ತು ಜನ ಸೇರಿದ್ದರು. ಪೆಟ್ಟಿಗೆಯ ಗಾಜು ಒರೆಸಿ ಫಳಫಳ ಮಾಡಿದ್ದರು. ಒಳಗೆ ಇಡುವ ಚೀಟಿಯನ್ನು ಸ್ಕೇಲಕ್ಕ ತಾನೇ ದುಂಡಗೆ ಬರೆದು ತಂದಿದ್ದಳು: 'ಎಡರೆಕ್ಕೆ ಬೆರಳಗಲ ಕಡಿಮೆ. ತಪ್ಪು ಅಚ್ಚು ತೆಗೆದವಳದು, ಹಾರಿಸಿದವನದಲ್ಲ.' ಇದು ಸ್ವಲ್ಪ ಹೆಚ್ಚಾಯಿತೇನೋ ಎಂದು ಕಾರ್ಯದರ್ಶಿ ತಡವರಿಸಿದ. ಅವಳು ಸೊಂಟದ ಸ್ಕೇಲಿನ ಮೇಲೆ ಕೈಯಿಟ್ಟು ನೋಡಿದಳು, ಅವನು ಚೀಟಿಯನ್ನು ಒಳಗಿಟ್ಟ.

ಅಣ್ಣ ಬಂದ. ಬಲಗೈ ಅತ್ತಿಗೆಯ ಹೆಗಲ ಮೇಲಿತ್ತು. ಎಡಗೈ ಒಂದರಲ್ಲೇ, ಒಡಲಿನ ಕೆಳಗೆ ಅಂಗೈ ಕೊಟ್ಟು, ಒಂದೂವರೆ ಮೀಟರಿನ ಗ್ಲೈಡರನ್ನು ಎದೆಯೆತ್ತರಕ್ಕೆ ಹಿಡಿದಿದ್ದ. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಗ್ಲೈಡರನ್ನು ಎಳೆದು ಮೇಲಕ್ಕೇರಿಸುವ ಹಗ್ಗದ ಯಂತ್ರ ನಡೆಸುತ್ತಿದ್ದ ಹಳಬನೊಬ್ಬ ಮೂಲೆಯಿಂದ ಪ್ರೀತಿಯಿಂದಲೇ ಕೂಗಿದ, "ಬನ್ನಿ ಬನ್ನಿ, ವಾಲು ಮಾಸ್ಟರ್ ಬಂದ್ರು."

ಅಣ್ಣ ದನಿ ಬಂದ ಕಡೆ ತಿರುಗಿದ.

"ಆ ಹೆಸರು ನಂದಲ್ಲಪ್ಪ," ಎಂದ. "ನನ್ನ ತಂಗೀದು. ಇಷ್ಟು ದಿನ ನನ್ನ ಹತ್ರ ಉಳಿದುಬಿಟ್ಟಿತ್ತು."

ಎಲ್ಲರ ಕಣ್ಣು ಸ್ಕೇಲಕ್ಕನ ಮೇಲೆ ಬಿತ್ತು. ಅವಳು ಮುಂದೆ ಬಂದು ಅಣ್ಣನ ಪಕ್ಕ, ಅವನ ಎಡಗಡೆಗೆ, ನಿಂತಳು.

"ಹೌದು, ನಂದೇ," ಎಂದಳು, ಕೊನೆಯ ಸಾಲಿಗೂ ಕೇಳುವಂತೆ. "ಇನ್ನು ಮೇಲೆ ನನ್ನನ್ನೇ ಹಾಗೆ ಕರೀರಿ. ಅಣ್ಣ, ಪೆಟ್ಟಿಗೆ ನಿನ್ನ ಮುಂದೆ ಎರಡು ಹೆಜ್ಜೆ. ಇಡು."

ಅವನು ಎರಡು ಹೆಜ್ಜೆ ಇಟ್ಟ. ಯಾರಿಗೂ ಕೈಹಾಕಲು ಬಿಡದೆ, ಎಡಗೈ ಒಂದರಿಂದಲೇ, ಗ್ಲೈಡರನ್ನು ಪೆಟ್ಟಿಗೆಯೊಳಗೆ ಇಳಿಸಿದ.